ಹನ್ನೊಂದನೆಯ ಪುಟ

ಪಾದ್ರಿ ಎಲ್ನಾಥನ್ ಪ್ರೌಟ್ ತನ್ನ ಮನೆಯ ಗುಲಾಮ ಹೆಂಗಸಿನ ಸದ್ಗುಣಗಳ ಮೇಲೆ ಪುಸ್ತಕ ಬರೆಯುತ್ತಿದ್ದ. ಅದೇ ಹೊತ್ತಿಗೆ ಆ ಹೆಂಗಸು ಹಿತ್ತಲಲ್ಲಿ ಅವನ ಒಳಬಟ್ಟೆ ಒಗೆಯುತ್ತಿದ್ದಳು.

ಅವಳ ಹೆಸರು ಜಿಲ್ಪಾ. ಇಟ್ಟವನು ಪಾದ್ರಿಯೇ. ಬೈಬಲಿನಲ್ಲಿ ಜಿಲ್ಪಾ ಎಂದರೆ ಲಾಬಾನನು ಮಗಳ ಮದುವೆಗೆ ಬಳುವಳಿಯಾಗಿ ಕೊಟ್ಟ ದಾಸಿ. ಎಂಟು ವರ್ಷದ ಹುಡುಗಿಯನ್ನು ಹಡಗಿನ ಹೊಟ್ಟೆಯಿಂದ ಎತ್ತಿ ಹ್ಯಾಡ್‌ಬರೊ ಬಂದರಿನ ಹಲಗೆಯ ಮೇಲೆ ನಿಲ್ಲಿಸಿದ್ದರು. ಪಾದ್ರಿ ಅವಳ ತುಟಿ ಮೇಲೆತ್ತಿ ಹಲ್ಲು ನೋಡಿದ, ತೋಳು ಹಿಸುಕಿ ನೋಡಿದ, ಆಮೇಲೆ ಕಣ್ಣು ಮುಚ್ಚಿ ದೇವರಿಗೆ ವಂದನೆ ಹೇಳಿದ. ಇಪ್ಪತ್ತಾರು ವರ್ಷದ ಹಿಂದಿನ ಮಾತು ಅದು.

ಸೋಮವಾರ ಎಂದರೆ ಬಟ್ಟೆ. ಬಾವಿಯಿಂದ ಹೆಗಲ ಅಡ್ಡೆಯ ಮೇಲೆ ನಲವತ್ತು ಬಕೆಟ್ಟು ನೀರು ಹೊರಬೇಕು. ಕಬ್ಬಿಣದ ಹಂಡೆಗೆ ಸೌದೆ ಒಟ್ಟಬೇಕು. ಬೂದಿಯಿಂದ ಇಳಿಸಿದ ಕ್ಷಾರದ ನೀರಿನಲ್ಲಿ ಬಟ್ಟೆ ಕುದಿಸಿ, ಕೋಲಿನಿಂದ ಎತ್ತಿ, ಬಡಿದು, ಹಿಂಡಬೇಕು. ಆ ನೀರು ಕೊಳೆಯನ್ನು ತಿನ್ನುವುದಕ್ಕಿಂತ ಮೊದಲು ಚರ್ಮವನ್ನು ತಿನ್ನುತ್ತಿತ್ತು. ಜಿಲ್ಪಾಳ ಬೆರಳ ಸಂದುಗಳು ಬೇಸಿಗೆಯಲ್ಲೂ ಒಡೆದಿರುತ್ತಿದ್ದವು.

ಪಾದ್ರಿ ಕಿಟಕಿ ತೆರೆದು ಕುಳಿತಿದ್ದ. ಕೈಯಲ್ಲಿ ಗರಿಯ ಲೇಖನಿ.

“ಜಿಲ್ಪಾ, ನಿನ್ನನ್ನ ಹಡಗಿನಲ್ಲಿ ಈ ಕಡೆಗೆ ತಂದ್ರಲ್ಲ, ಆಗ ನಿನಗೆ ಏನನ್ನಿಸ್ತು?”

“ವಾಂತಿ ಬಂತು, ಅಯ್ಯನೋರೆ.”

“ಅದಲ್ಲ. ಆತ್ಮದ ಒಳಗೆ.”

“ಆತ್ಮದ್ದು ಗೊತ್ತಾಗಲಿಲ್ಲ. ಹೊಟ್ಟೆಯಲ್ಲಿದ್ದದ್ದಂತೂ ಎಲ್ಲಾ ಆಚೆ ಬಂತು.”

ಪಾದ್ರಿ ಸ್ವಲ್ಪ ಹೊತ್ತು ಆಕಾಶ ನೋಡಿದ. ಬರೆದ. ಬರೆದದ್ದನ್ನು ಗಟ್ಟಿಯಾಗಿ ಓದಿದ: “‘ಆ ಪಯಣದಲ್ಲಿ ನನ್ನ ಪೂರ್ವಿಕರ ಪಾಪವೆಲ್ಲ ನನ್ನನ್ನು ಬಿಟ್ಟು ಹೊರಬಂದಂತೆ ಅನ್ನಿಸಿತು.’ ಸರಿಯಾಗಿದೆಯಾ?”

“ನಿಮ್ಮ ಹಾಗೆ ನನಗೆ ಹೇಳಕ್ಕೆ ಬರುತ್ತಾ, ಅಯ್ಯನೋರೆ?” ಎಂದಳು ಜಿಲ್ಪಾ. ಅವನ ಒಳಬಟ್ಟೆಯ ಕುತ್ತಿಗೆ ಹಿಡಿದು ಹಿಂಡಿದಳು.

ಪುಸ್ತಕಕ್ಕೆ ಅವನು ಇಟ್ಟ ಹೆಸರು ಇದು: ‘ಜಿಲ್ಪಾ ಎಂಬ ವಿಧೇಯ ದಾಸಿಯ ನಂಬಿಕೆಯ ನಿಜ ವೃತ್ತಾಂತ, ಅವಳೇ ಸಭೆಯ ಮುಂದೆ ಹೇಳಿದಂತೆ.’ ಅವಳಿನ್ನೂ ಸಭೆಯ ಮುಂದೆ ಏನೂ ಹೇಳಿರಲಿಲ್ಲ. ಅಕ್ಟೋಬರ್ ತಿಂಗಳ ಮೊದಲ ಗುರುವಾರ ಹೇಳಬೇಕಿತ್ತು. ಆ ಊರುಗಳಲ್ಲಿ ಯಾರನ್ನೇ ಆಗಲಿ ಸಭೆಗೆ ಪೂರ್ಣ ಸದಸ್ಯರಾಗಿ ತೆಗೆದುಕೊಳ್ಳುವ ಮೊದಲು, ದೇವರು ತನ್ನನ್ನು ಹೇಗೆ ಮುಟ್ಟಿದ ಎಂದು ಅವರು ಎಲ್ಲರ ಎದುರು ನಿಂತು ಹೇಳಬೇಕು. ಐದು ಊರಿನ ಪಾದ್ರಿಗಳು ಬರುವವರಿದ್ದರು. ಪಾದ್ರಿ ಬರೆದದ್ದನ್ನು ಜಿಲ್ಪಾ ಬಾಯಿಪಾಠ ಒಪ್ಪಿಸಬೇಕು. ಅವರ ಕಣ್ಣಲ್ಲಿ ನೀರು ಬರಬೇಕು. ಹೋಗುವಾಗ ಅವರ ಕೈಗೆ ಒಂದೊಂದು ಪುಸ್ತಕ ಕೊಡಬೇಕು. ಗುಲಾಮಗಿರಿ ದೇವರಿಗೆ ಒಪ್ಪಿಗೆಯೋ ಅಲ್ಲವೋ ಎಂಬ ಜಗಳ ಆಗಲೇ ಅಲ್ಲಲ್ಲಿ ಶುರುವಾಗಿತ್ತು. ಈ ಪುಸ್ತಕದಿಂದ ಆ ಜಗಳ ಮುಗಿಯುತ್ತದೆಂದು ಪ್ರೌಟ್ ನಂಬಿದ್ದ.

ಆಗಸ್ಟ್ ಕೊನೆಯಲ್ಲಿ ಕ್ವಾಕೊ ಕರಡು ಹಾಳೆಗಳನ್ನು ತಂದ. ಅವನು ಅಚ್ಚುಕೂಟದ ಮಾಲೀಕನ ಗುಲಾಮ. ಬೆಳಗಿನಿಂದ ಸಂಜೆಯವರೆಗೆ ಅಚ್ಚುಯಂತ್ರದ ಸನ್ನೆಕೋಲು ಎಳೆದು ಎಳೆದು ಅವನ ಬಲ ಹೆಗಲು ಎಡ ಹೆಗಲಿಗಿಂತ ದಪ್ಪವಾಗಿತ್ತು, ನಡೆದರೆ ಒಂದು ಕಡೆಗೆ ವಾಲುತ್ತಿದ್ದ. ಪಾದ್ರಿ ಮನೆಯಲ್ಲಿರಲಿಲ್ಲ. ಕ್ವಾಕೊ ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತ.

“ಜಿಲ್ಪಕ್ಕ, ನಿನ್ನ ಪುಣ್ಯಕಥೆ ತಂದಿದ್ದೀನಿ. ಮುಟ್ಟೋ ಮುಂಚೆ ಕೈ ತೊಳ್ಕೋ.”

“ನಿನ್ನ ಕೈ ನೋಡ್ಕೊ ಮೊದಲು. ಮಸಿ ಮೆತ್ತಿದೆ.”

“ನಮ್ಮ ಮೈಮೇಲೆ ಮಸಿ ಕಾಣಲ್ಲ ಅಂತಾನೆ ಮಾಲೀಕ ನನಗೆ ಈ ಕೆಲಸ ಕೊಟ್ಟಿರೋದು.”

ಜಿಲ್ಪಾಳಿಗೆ ಓದಲು ಬರುತ್ತಿತ್ತು. ಪಾದ್ರಿಯ ಹೆಂಡತಿ ಮೆಹಿಟಬೆಲ್ ಕಲಿಸಿದ್ದಳು, ಬೈಬಲ್ ಓದಲಿ ಎಂದು. ಬರೆಯಲು ಕಲಿಸಿರಲಿಲ್ಲ. ಓದು ಕಲಿತ ಗುಲಾಮ ದೇವರ ಮಾತು ತಿಳಿಯುತ್ತಾನೆ, ಬರಹ ಕಲಿತವನು ತನ್ನ ರಹದಾರಿ ಚೀಟಿ ತಾನೇ ಬರೆದುಕೊಂಡು ಓಡಿಹೋಗುತ್ತಾನೆ. ಹಾಗಾಗಿ ಪಾದ್ರಿಯ ಕೈಬರಹ ಅವಳಿಗೆ ಕೋಳಿ ಕೆದರಿದಂತೆ ಕಾಣುತ್ತಿತ್ತು. ಅಚ್ಚಿನ ಅಕ್ಷರ ಮಾತ್ರ ಸಲೀಸು. ತನ್ನ ಕಥೆಯನ್ನು ಅವಳು ಪೂರ್ತಿ ಓದಿದ್ದು ಆವತ್ತೇ ಮೊದಲು.

ಮೊದಲ ಹತ್ತು ಪುಟಕ್ಕೆ ನಕ್ಕಳು. ವಾಂತಿಯ ಜಾಗ ಬಂದಾಗ ಕ್ವಾಕೊ ಕೂಡ ಹೊಟ್ಟೆ ಹಿಡಿದುಕೊಂಡ.

ಹನ್ನೊಂದನೆಯ ಪುಟ ಹೀಗಿತ್ತು: ‘ನನ್ನ ಏಕೈಕ ಮಗಳನ್ನು ಯಜಮಾನರ ಮಗಳ ಮದುವೆಗೆ ಬಳುವಳಿಯಾಗಿ ಕಳುಹಿಸುವ ದಿನ, ಬೈಬಲಿನ ಹನ್ನಳು ತನ್ನ ಮಗ ಸಮುವೇಲನನ್ನು ದೇವರಿಗೆ ಒಪ್ಪಿಸಿದಂತೆ, ನಾನೇ ಅವಳ ಕೈಹಿಡಿದು ಜಾರುಗಾಡಿಯಲ್ಲಿ ಕೂರಿಸಿದೆ. ನನ್ನ ಕಣ್ಣಿನಲ್ಲಿ ಹನಿ ಇರಲಿಲ್ಲ. ಬಾಯಿಯಲ್ಲಿ ಸ್ತುತಿ ಇತ್ತು.’

ಜಿಲ್ಪಾ ಅದನ್ನು ಮೂರು ಸಲ ಓದಿದಳು. ಕುತ್ತಿಗೆಯ ನರ ಎದ್ದಿತ್ತು.

ಮಗಳ ಹೆಸರು ತಿರ್ಜಾ. ಅವಳಪ್ಪ ತಿಮಿಂಗಿಲ ಹಿಡಿಯುವ ಹಡಗಿನಲ್ಲಿ ಹೋದವನು ವಾಪಸು ಬರಲಿಲ್ಲ. ಮೂರು ಚಳಿಗಾಲದ ಹಿಂದೆ, ಹನ್ನೊಂದು ವರ್ಷದ ಹುಡುಗಿಯನ್ನು ಪಾದ್ರಿ ತನ್ನ ಮಗಳು ಲಿಡಿಯಾಳಿಗೆ ಕೊಟ್ಟ. ಎರಡು ದಿನದ ದಾರಿಯ ಊರು. ದನ ಹೊಡೆದುಕೊಂಡು ಆ ಕಡೆ ಹೋಗುವವನೊಬ್ಬನ ಬಳಿ ಜಿಲ್ಪಾ ಒಮ್ಮೆ ಹೇಳಿ ಕಳಿಸಿದ್ದಳು, ಅಮ್ಮ ಕೇಳಿದಳು ಅನ್ನು ಎಂದು. ತಿಂಗಳಾದ ಮೇಲೆ ಅವನು ಉತ್ತರ ತಂದ: “ಕೈಯಾರೆ ಕೊಟ್ಟವಳು ಈಗ್ಯಾಕೆ ಕೇಳ್ತಾಳೆ ಅಂದಳು.” ಅಲ್ಲಿ ಲಿಡಿಯಾ ಆ ಮಗುವಿಗೆ ಇದೇ ಕಥೆ ಹೇಳಿದ್ದಳು. ಈಗ ಅದು ಅಚ್ಚಾಗುತ್ತಿತ್ತು.

“ಅಕ್ಕಾ, ಮುಂದೆ ಓದು. ಹದಿನಾಲ್ಕನೇ ಪುಟ ಇನ್ನೂ ಚೆನ್ನಾಗಿದೆ” ಎಂದ ಕ್ವಾಕೊ ಮೆಲ್ಲಗೆ.

ಹದಿನಾಲ್ಕನೆಯ ಪುಟ: ‘ಯಜಮಾನರು ನನಗೆ ಬಿಡುಗಡೆ ನೀಡಲು ಮುಂದೆ ಬಂದರು. ನಾನು ಅವರ ಪಾದ ಹಿಡಿದು, ನಿಮ್ಮ ನೊಗವೇ ನನಗೆ ಹಗುರ, ಬಿಡುಗಡೆ ಬೇಡ ಎಂದೆ.’

“ಹಂಗೆ ಕೇಳಿದ್ರಾ ನಿನ್ನ?”

“ಗುರುವಾರ ಮಧ್ಯಾಹ್ನ ಬಿಡುವು ಕೊಡಿ ಅಂದ್ರೆ ಕೊಟ್ಟಿಲ್ಲ.”

“ಮತ್ತೆ ಬಿಡುಗಡೆ ಯಾವಾಗ ಕೊಟ್ರು?”

“ಪುಸ್ತಕದಲ್ಲಿ.”

ಒಲೆಯ ಮೇಲೆ ಕಾಕಂಬಿ ಹಾಕಿದ ಕಾಳು ತಳ ಹಿಡಿಯುವ ವಾಸನೆ ಬಂತು. ಅವಳು ಏಳಲಿಲ್ಲ. ಆಮೇಲೆ ನಿಧಾನವಾಗಿ ಕೇಳಿದಳು, “ಕ್ವಾಕೊ, ಅಚ್ಚಾದ ಮಾತನ್ನ ಬರೆದವನು ನಾನು ಹೇಳೇ ಇಲ್ಲ ಅನ್ನಬಹುದಾ?”

“ಅನ್ನಬಹುದು. ಆಗ ಸುಳ್ಳ ಅನ್ನಿಸ್ಕೋತಾನೆ.”

“ಪಾದ್ರಿ ಸುಳ್ಳ ಅನ್ನಿಸ್ಕೋತಾನಾ? ಐದು ಊರಿನ ಪಾದ್ರಿಗಳ ಎದುರಿಗೆ?”

ಕ್ವಾಕೊ ಅವಳ ಮುಖ ನೋಡಿದ. ಅವಳು ನಗುತ್ತಿದ್ದಳು. ಅವನಿಗೆ ಹೆದರಿಕೆಯಾಯಿತು.

ಮಾರನೆಯ ದಿನ ಜಿಲ್ಪಾ ಪಾದ್ರಿಯ ಬಿಳಿ ಕೊರಳಪಟ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಕರಡು ಹಾಳೆ ಹಿಡಿದು ತನ್ನ ವಾಕ್ಯಗಳನ್ನು ತಾನೇ ಸವಿಯುತ್ತಿದ್ದ.

“ಅಯ್ಯನೋರೆ, ಬೈಯಲ್ಲ ಅಂದ್ರೆ ಒಂದು ಮಾತು.”

“ಹೇಳು.”

“ನಿಮ್ಮ ದೊಡ್ಡ ಮನಸ್ಸು ಪುಸ್ತಕದಲ್ಲಿ ಸಣ್ಣದಾಗಿ ಕಾಣುತ್ತೆ.”

ಪಾದ್ರಿ ಹಾಳೆ ಕೆಳಗಿಟ್ಟ.

“ನನಗೆ ಬಿಡುಗಡೆ ಕೊಡ್ತೀನಿ ಅಂದ್ರಿ. ಸರಿ. ನನಗೊಬ್ಬಳಿಗೇ ಅಂದ್ರೆ ಓದೋರು ಏನಂದ್ಕೋತಾರೆ? ಮಗಳನ್ನ ಇಟ್ಕೊಂಡು ತಾಯಿನ ಬೀದಿಗೆ ಹಾಕೋಕೆ ನೋಡಿದ್ರು ಪಾದ್ರಿಗಳು ಅನ್ನಲ್ವಾ?”

ಪಾದ್ರಿಯ ಹುಬ್ಬು ಮೇಲೆ ಹೋಯಿತು. ಹಾಗೆ ಅವನು ಯೋಚಿಸಿಯೇ ಇರಲಿಲ್ಲ. “ಹೌದಲ್ಲ. ‘ನನಗೂ ನನ್ನ ಮಗಳಿಗೂ’ ಅಂತ ಸೇರಿಸಿದ್ರೆ?”

“ನೀವೇ ಅಂದ್ರಲ್ಲ. ನನಗೆ ಅದು ಹೊಳೀಲೇ ಇಲ್ಲ.”

ಅವನು ಅಂಚಿನಲ್ಲಿ ಬರೆದ. ಎರಡು ದಿನ ಬಿಟ್ಟು, ಅವನ ಬೂಟಿಗೆ ಕೊಬ್ಬು ತಿಕ್ಕುವಾಗ, ಅವಳು ಮತ್ತೆ ಶುರು ಮಾಡಿದಳು.

“ಯಾವತ್ತೋ ಒಂದು ದಿನ ಬೇಡ ಅಂದೆ ಅಂತಿದೆ. ಅದೇನು ದೊಡ್ಡದು, ಅಯ್ಯನೋರೆ? ಹೊಟ್ಟೆ ತುಂಬಿದ್ದಾಗ ಒಂದು ಹೊತ್ತು ಊಟ ಬೇಡ ಅನ್ನೋದು ಉಪವಾಸ ಆಗುತ್ತಾ? ಬಾಗಿಲು ದಿನಾ ತೆರೆದಿರಬೇಕು. ನಾನು ದಿನಾ ನೋಡಬೇಕು. ದಿನಾ ಬೇಡ ಅನ್ನಬೇಕು. ಅದು ಭಕ್ತಿ.”

ಪಾದ್ರಿ ತೊಡೆ ತಟ್ಟಿಕೊಂಡ. “ಜಿಲ್ಪಾ, ದೇವರು ಕೆಲವು ಸಲ ದಡ್ಡರ ಬಾಯಲ್ಲಿ ಮಾತಾಡ್ತಾನೆ.”

“ಅದಕ್ಕೇ ನಿಮ್ಮನ್ನ ಇಷ್ಟು ಮಾತಾಡಿಸ್ತಾನೆ” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವಳು ಬೂಟಿನ ಮೇಲೆ ಉಗುಳಿ ತಿಕ್ಕಿದಳು.

ಸೆಪ್ಟೆಂಬರ್ ನಡುವೆ ಮೂರನೆಯದನ್ನು ಕೇಳಿದಳು. ಮಗಳನ್ನು ಆ ದಿನಕ್ಕೆ ಕರೆಸಬೇಕು. ತಾಯಿ ಸಾಕ್ಷಿ ಹೇಳುವಾಗ ಮಗಳು ಮಂದಿರದ ಅಟ್ಟದಿಂದ ಕೇಳುತ್ತಿದ್ದರೆ ನೋಡುವವರಿಗೆ ಎಷ್ಟು ಚೆನ್ನ. ಪಾದ್ರಿ ಆ ಸಂಜೆಯೇ ಲಿಡಿಯಾಳಿಗೆ ಕಾಗದ ಬರೆದ.

ಮೆಹಿಟಬೆಲ್ ಗಂಡನಷ್ಟು ಓದಿದವಳಲ್ಲ. ಅದಕ್ಕೇ ಇರಬೇಕು, ಅವಳಿಗೆ ಮೂಗು ಚುರುಕಾಗಿತ್ತು. ಬೆಣ್ಣೆ ಕಡೆಯುತ್ತಿದ್ದ ಜಿಲ್ಪಾಳ ಹಿಂದೆ ಬಂದು ನಿಂತಳು.

“ಈಚೆಗೆ ನೀನು ಬಹಳ ನಗ್ತೀಯ.”

“ನಂಬಿಕೆ ಬಲಿತಾ ಇದೆ, ಅಮ್ನೋರೆ.”

“ಬಲಿತರೆ ಅಳ್ತಾರೆ. ನಗಲ್ಲ.”

“ನಿಮಗೆ ಅಳು ಬಂದಿತ್ತಾ, ಅಮ್ನೋರೆ?”

ಮೆಹಿಟಬೆಲ್ ಕಡೆಗೋಲು ನಿಂತದ್ದಕ್ಕೆ ಬೈದು ಒಳಗೆ ಹೋದಳು.

ದೇವರ ಜೊತೆ ಜಿಲ್ಪಾಳದು ಬೇರೆಯೇ ಲೆಕ್ಕ. ಪಾದ್ರಿಯ ದೇವರನ್ನು ಅವಳು ಕಂಡಿರಲಿಲ್ಲ. ಆದರೆ ಬಾವಿಕಟ್ಟೆಯ ಬಳಿ, ಹೆಗಲ ಅಡ್ಡೆ ಇಳಿಸಿ ಬೆನ್ನು ನೆಟ್ಟಗೆ ಮಾಡುವಾಗ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ಹಾಗೆ ಕೇಳಿಸಿಕೊಳ್ಳುವವನ ಹತ್ತಿರ ಅವಳು ಎಂದೂ ಸುಳ್ಳು ಹೇಳಿರಲಿಲ್ಲ. ಬುಧವಾರ ಸಂಜೆ ಕೊನೆಯ ಬಕೆಟ್ಟು ಸೇದಿ ಅವಳು ಅಲ್ಲೇ ಹೇಳಿದಳು: “ಸ್ವಾಮಿ, ನಾಳೆ ಕಾಲು ಗಂಟೆ ಆ ಕಡೆ ತಿರುಗಿಕೊಂಡಿರು. ನಿನ್ನ ಮನೆಯಲ್ಲೇ ನಿಂತು ಹನ್ನೊಂದನೇ ಪುಟ ಹೇಳಬೇಕಾಗಿದೆ. ನಡುವೆ ಇದೊಂದು ಸುಳ್ಳು ಅಂತ ನಾನಂದ್ರೆ, ಎಲ್ಲಾ ಸುಳ್ಳು ಅಂದ್ಬಿಡ್ತಾನೆ ಪಾದ್ರಿ. ಮುಗಿದ ಮೇಲೆ ನಾನೇ ಕರೀತೀನಿ.”

ಗುರುವಾರ ಪ್ರಾರ್ಥನಾ ಮಂದಿರ ಕಿಕ್ಕಿರಿದಿತ್ತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಮುಂದಿನ ಸಾಲಿನಲ್ಲಿ ಕಪ್ಪು ಕೋಟಿನ ಐವರು ಹೊರಗಿನ ಪಾದ್ರಿಗಳು. ಅವರ ಪಕ್ಕ ಮ್ಯಾಜಿಸ್ಟ್ರೇಟ್ ಜಬೆಜ್ ಲೂಮಿಸ್. ಬೋಧನೆಯ ನಡುವೆ ನಿದ್ದೆ ಹೋದನೆಂದು ಪ್ರೌಟ್ ಕಳೆದ ಚಳಿಗಾಲದಲ್ಲಿ ಅವನ ಹೆಸರು ಹಿಡಿದು ಎಬ್ಬಿಸಿದ್ದ. ಅವನು ಅದನ್ನು ಮರೆತಿರಲಿಲ್ಲ. ಪೀಠದ ಕೆಳಗೆ ಮೇಜು ಹಾಕಿಕೊಂಡು ಸಭೆಯ ಹಿರಿಯ ಓಬೆಡ್ ಹಕ್ಸ್‌ಟನ್ ಕುಳಿತಿದ್ದ, ಸಾಕ್ಷಿಯನ್ನು ಬರೆದುಕೊಳ್ಳಲು ಮಸಿಕುಡಿಕೆ ತೆರೆದು. ಮೇಲೆ, ಮಾಡಿನ ಕೆಳಗೆ, ತಲೆ ಬಗ್ಗಿಸಿ ಕೂರಬೇಕಾದ ಅಟ್ಟದಲ್ಲಿ ಕರಿಯರು.

ಬಾಗಿಲಲ್ಲಿ ಜಿಲ್ಪಾ ಮಗಳನ್ನು ಕಂಡಳು. ತಿರ್ಜಾ ಅವಳ ಹೆಗಲಿಗೆ ಬಂದಿದ್ದಳು. ಕೈಬೆರಳ ಗೆಣ್ಣುಗಳು ತಾಯಿಯ ಗೆಣ್ಣುಗಳಂತೆಯೇ ಒಡೆದಿದ್ದವು.

“ತಿರ್ಜಾ.”

ಹುಡುಗಿ ನೆಲ ನೋಡಿದಳು. “ಬಿಡು ದಾರಿ. ಮೇಲೆ ಹೋಗಬೇಕು.”

ಜಿಲ್ಪಾ ದಾರಿ ಬಿಟ್ಟಳು.

ಅವಳನ್ನು ನಡುವಿನ ಓಣಿಯಲ್ಲಿ ನಿಲ್ಲಿಸಿದರು. ಐವರು ಪಾದ್ರಿಗಳು ಮಾರಾಟಕ್ಕೆ ತಂದ ಆಕಳನ್ನು ನೋಡುವಂತೆ ನೋಡಿದರು. ಒಬ್ಬ ಮುದುಕ ಪಾದ್ರಿ ಕಿವಿಗೆ ಕೊಂಬು ಹಿಡಿದುಕೊಂಡಿದ್ದ. “ಇದು ಮಾತಾಡುತ್ತಾ?” ಎಂದು ಪಕ್ಕದವನನ್ನು ಕೇಳಿದ, ಕಿವುಡರು ಕೇಳುವ ಹಾಗೆ ಗಟ್ಟಿಯಾಗಿ.

ಜಿಲ್ಪಾ ಶುರು ಮಾಡಿದಳು. ಒಂದಕ್ಷರ ತಪ್ಪಲಿಲ್ಲ. ಹಡಗು, ಪೂರ್ವಿಕರ ಪಾಪ, ಕತ್ತಲೆ, ಬೆಳಕು. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಬಂತು. ಪ್ರೌಟ್ ತುಟಿಯಲ್ಲೇ ಅವಳ ಜೊತೆ ಹೇಳಿಕೊಳ್ಳುತ್ತಿದ್ದ.

ಹನ್ನೊಂದನೆಯ ಪುಟ ಬಂತು. “ನಾನೇ ಅವಳ ಕೈಹಿಡಿದು ಜಾರುಗಾಡಿಯಲ್ಲಿ ಕೂರಿಸಿದೆ.” ಅಟ್ಟದಲ್ಲಿ ಒಂದು ಬೆಂಚು ಕಿರುಗುಟ್ಟಿತು. ಜಿಲ್ಪಾ ತಲೆಯೆತ್ತಿದಳು. ತಿರ್ಜಾ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿಗೆ ಜಿಲ್ಪಾ ಹೇಳಿದಳು: “ನನ್ನ ಕಣ್ಣಿನಲ್ಲಿ ಹನಿ ಇರಲಿಲ್ಲ. ಬಾಯಿಯಲ್ಲಿ ಸ್ತುತಿ ಇತ್ತು.” ನಿಲ್ಲಿಸಲಿಲ್ಲ.

ಹನ್ನೆರಡು. ಹದಿಮೂರು. ಹದಿನಾಲ್ಕು.

“ಯಜಮಾನರು ನನಗೂ ನನ್ನ ಮಗಳಿಗೂ ಬಿಡುಗಡೆ ನೀಡಲು ಮುಂದೆ ಬಂದರು. ಆ ಬಾಗಿಲನ್ನು ಅವರು ಮುಚ್ಚಲಿಲ್ಲ. ಅದು ಇಂದಿಗೂ ನಮ್ಮಿಬ್ಬರಿಗೂ ತೆರೆದೇ ಇದೆ. ದಿನವೂ ನಾನು ಅದನ್ನು ನೋಡುತ್ತೇನೆ. ದಿನವೂ...”

ನಿಂತಳು.

ಪ್ರೌಟ್ ಪೀಠದಿಂದ ಬಗ್ಗಿ ಪಿಸುಗುಟ್ಟಿದ, “ಬೇಡ ಎನ್ನುತ್ತೇನೆ.”

“ದಿನಾ ಬೇಡ ಅಂತಿದ್ದೆ, ಅಯ್ಯನೋರೆ,” ಎಂದಳು ಜಿಲ್ಪಾ ಎಲ್ಲರಿಗೂ ಕೇಳುವಂತೆ. “ಇವತ್ತು ಬೇಕು.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಮುದುಕ ಪಾದ್ರಿ ಕೊಂಬು ತಿರುಗಿಸಿ, “ಏನಂದಳು?” ಎಂದ.

“ಬಿಡುಗಡೆ ಬೇಕಂತೆ” ಎಂದ ಪಕ್ಕದವನು ಕೊಂಬಿನೊಳಗೆ.

“ಕೊಡ್ತೀನಿ ಅಂದಿದ್ದಾರಲ್ಲ, ಪಾಪ, ತಗೊಳ್ಳಲಿ” ಎಂದ ಮುದುಕ.

ಅಟ್ಟದಲ್ಲಿ ಯಾರೋ ಕೆಮ್ಮಿದರು. ಕೆಮ್ಮಿನೊಳಗೆ ನಗು ಇತ್ತು. ಕ್ವಾಕೊನೇ ಇರಬೇಕು.

ಪ್ರೌಟ್ ಬಿಳಿಚಿದ. “ಪ್ರಿಯ ಸಹೋದರರೆ, ಇವಳಿಗೆ ತಿಳೀಲಿಲ್ಲ. ಅಲ್ಲಿ ಬರೆದಿರೋದು ಅಂದ್ರೆ, ಅದೊಂದು ರೀತಿ ಅಲಂಕಾರ.”

ಮ್ಯಾಜಿಸ್ಟ್ರೇಟ್ ಲೂಮಿಸ್ ಎದ್ದ. ಅಷ್ಟು ಎಚ್ಚರವಾಗಿ ಅವನನ್ನು ಆ ಮಂದಿರ ಯಾವತ್ತೂ ನೋಡಿರಲಿಲ್ಲ. ಅವನ ಮನೆಯಲ್ಲೂ ಇಬ್ಬರು ಗುಲಾಮರಿದ್ದರು. ಅವನಿಗೆ ಬೇಕಾದದ್ದು ನ್ಯಾಯವಲ್ಲ, ಪಾದ್ರಿಯ ಮುಖ ಕೆಂಪಾಗುವುದು. ಕೈಯಲ್ಲಿ ಪುಸ್ತಕ ಹಿಡಿದಿದ್ದ.

“ಅಲಂಕಾರವೋ? ಮೇಲಿನ ಹಾಳೆಯಲ್ಲಿ ‘ನಿಜ ವೃತ್ತಾಂತ’ ಅಂತಿದೆಯಲ್ಲ, ಪಾದ್ರಿಗಳೆ.”

“ನಿಜವೇ. ಆದರೆ...”

“ನೀವು ಇವಳಿಗೆ ಬಿಡುಗಡೆ ಕೊಡ್ತೀನಿ ಅಂದ್ರೋ ಇಲ್ವೋ? ಅಂದಿಲ್ಲ ಅಂದ್ರೆ ಇದು ಸುಳ್ಳು ಪುಸ್ತಕ, ಇವರೈವರು ಅದನ್ನ ಊರೂರಿಗೆ ಒಯ್ಯೋದು ಬೇಡ. ಅಂದಿದ್ರೆ ಬಾಗಿಲು ತೆರೆದಿದೆ ಅಂತ ನೀವೇ ಬರೆದಿದ್ದೀರಿ. ಎರಡರಲ್ಲಿ ಒಂದು ಹೇಳಿ.”

ಪ್ರೌಟ್ ಜಿಲ್ಪಾಳ ಕಡೆ ನೋಡಿದ. ಅವಳಿಂದ ಸಹಾಯ ಬರಬಹುದೆಂದು ಅವನು ಆ ಗಳಿಗೆಯಲ್ಲೂ ಅಂದುಕೊಂಡಿದ್ದ. ಇಪ್ಪತ್ತಾರು ವರ್ಷದ ಅಭ್ಯಾಸ.

“ಜಿಲ್ಪಾ, ನೀನಾದರೂ ಹೇಳು ಇವರಿಗೆ.”

“ನಾನೇನು ಹೇಳಲಿ, ಅಯ್ಯನೋರೆ? ನೀವು ಬರೆದಿದ್ದೀರಿ. ಪಾದ್ರಿಗಳು ಸುಳ್ಳು ಬರೀತಾರಾ?”

ಹೆಂಗಸರ ಕಡೆಯಿಂದ ಲಿಡಿಯಾ ಎದ್ದಳು. ಆ ಮಂದಿರದಲ್ಲಿ ಹೆಂಗಸರು ಬಾಯಿ ತೆರೆಯುವಂತಿರಲಿಲ್ಲ. ಆದರೂ ತೆರೆದಳು. “ಅಪ್ಪಾ, ತಿರ್ಜಾ ನನ್ನವಳು. ನನಗೆ ಕೊಟ್ಟಿದ್ದೀಯ.”

“ಕಾಗದ ಆಗಿದೆಯೇ ತಾಯಿ?” ಎಂದ ಲೂಮಿಸ್.

ಕಾಗದ ಆಗಿರಲಿಲ್ಲ. ಮನೆಯೊಳಗಿನ ಮಾತಿಗೆ ಕಾಗದ ಯಾಕೆ ಎಂದು ಪಾದ್ರಿ ಮೂರು ವರ್ಷದಿಂದ ಮುಂದೂಡಿದ್ದ. ಅಕ್ಕಪಕ್ಕದ ಹೆಂಗಸರು ಲಿಡಿಯಾಳ ಲಂಗ ಜಗ್ಗಿ ಕೂರಿಸಿದರು.

ಪ್ರೌಟ್ ಐವರನ್ನು ನೋಡಿದ. ಐವರೂ ಅವನನ್ನೇ ನೋಡುತ್ತಿದ್ದರು. “ಅಂದಿದ್ದೆ” ಎಂದ. ಧ್ವನಿ ಪೀಠದಿಂದ ಕೆಳಗೆ ಇಳಿಯಲಿಲ್ಲ.

“ಏನಂದ?” ಎಂದ ಮುದುಕ.

“ಅಂದಿದ್ದೆ” ಎಂದು ಪ್ರೌಟ್ ಕೂಗಿದ.

ಓಬೆಡ್ ಬರೆದ. ಲೂಮಿಸ್ ಒಂದೊಂದೇ ಮಾತು ಹೇಳಿಕೊಟ್ಟ. ಜಿಲ್ಪಾ ಎಂಬವಳನ್ನೂ ಅವಳ ಮಗಳು ತಿರ್ಜಾಳನ್ನೂ ಇಂದಿನಿಂದ ಎಂದೆಂದಿಗೂ ಬಿಟ್ಟಿದ್ದೇನೆ. ಪ್ರೌಟ್ ಸಹಿ ಹಾಕಿದ. ಇಬ್ಬರು ಪಾದ್ರಿಗಳು ಸಾಕ್ಷಿ ಹಾಕಿದರು. ಲೂಮಿಸ್ ಮಸಿ ಒಣಗಲೆಂದು ಮರಳು ಉದುರಿಸಿ ಕೊಡವಿದ. ಕೈಬರಹ ಓದಲು ಬಾರದ ಜಿಲ್ಪಾ ಅದನ್ನು ಅವನಿಂದ ಗಟ್ಟಿಯಾಗಿ ಓದಿಸಿದಳು. ಇನ್ನೊಮ್ಮೆ ಓದಿಸಿದಳು. ಆಮೇಲೆ ಬೇರೆ ಊರಿನ ಪಾದ್ರಿಯೊಬ್ಬನ ಕೈಗೆ ಕೊಟ್ಟು ಮೂರನೆಯ ಸಲ ಓದಿಸಿದಳು. ಮೂರು ಓದೂ ಒಂದೇ ಇತ್ತು. ಮಡಚಿ ಎದೆಯೊಳಗೆ ಇಟ್ಟುಕೊಂಡಳು.

ಪ್ರೌಟ್ ಬೆವರು ಒರೆಸಿಕೊಂಡ. “ದೇವರ ಚಿತ್ತ. ಇನ್ನು ಉಳಿದದ್ದನ್ನ ಹೇಳಿ ಮುಗಿಸು, ಜಿಲ್ಪಾ.”

“ಉಳಿದದ್ದು ನಿಮ್ದು, ಅಯ್ಯನೋರೆ. ನೀವೇ ಹೇಳ್ಕೊಳ್ಳಿ. ನಂದು ಬೇರೆ ಇದೆ.”

ಅವಳು ಪೀಠಕ್ಕೆ ಬೆನ್ನು ಹಾಕಿದಳು. ತಲೆಯೆತ್ತಿ ಅಟ್ಟವನ್ನು ನೋಡಿದಳು. ಮನಸ್ಸಿನಲ್ಲೇ, ಈಗ ತಿರುಗು ಸ್ವಾಮಿ, ಎಂದಳು.

“ಹನ್ನೊಂದನೇ ಪುಟ ಸುಳ್ಳು.”

“ಸುಮ್ನಿರು” ಎಂದ ಪ್ರೌಟ್.

“ಇಪ್ಪತ್ತಾರು ವರ್ಷ ಸುಮ್ನಿದ್ದೆ. ಇನ್ನು ಇರಲ್ಲ. ತಿರ್ಜಾ, ಗೋಡೆ ನೋಡ್ಕೊಂಡೇ ಕೇಳು ಬೇಕಾದ್ರೆ. ಆವತ್ತು ಬೆಳಗ್ಗೆ ಉಪ್ಪುಮೀನು ತಾ ಅಂತ ಅಮ್ನೋರು ನನ್ನನ್ನ ಬಂದರಿಗೆ ಕಳಿಸಿದ್ರು. ಮನೆಯಲ್ಲಿ ಮೀನು ಇತ್ತು. ಒಂದು ಪೀಪಾಯಿ ಇತ್ತು. ವಾಪಸ್ ಬರೋವಾಗ ಜಾರುಗಾಡಿ ಗೇಟು ದಾಟಿತ್ತು. ನಿನ್ನ ಕೆಂಪು ಟೋಪಿ ಕಾಣಿಸ್ತು. ಮೀನು ಬಿಸಾಕಿ ಓಡಿದೆ. ಗಿರಣಿ ಸೇತುವೆ ತನಕ ಓಡಿದೆ. ಒಂದು ಕಾಲಿನ ಮೆಟ್ಟು ಹಿಮದಲ್ಲೇ ಉಳೀತು. ಸೇತುವೆ ಹತ್ತಿರ ಈ ಓಬೆಡ್ ಹಿಂದಿನಿಂದ ತಬ್ಬಿ ಹಿಡಿದ. ಬಾಯಿ ಮುಚ್ಚಿದ. ನಿನ್ನ ಹೆಸರು ಕೂಗೋಕೆ ಬಿಡಲಿಲ್ಲ. ಬಾಯಲ್ಲಿ ಸ್ತುತಿ ಇರಲಿಲ್ಲ, ಮಗಾ. ಇವನ ಕೈ ಇತ್ತು. ಕಚ್ಚಿದೆ. ಆಮೇಲೆ ನಾಲ್ಕು ದಿನ ನೆಲಮಾಳಿಗೆಯಲ್ಲಿ ಕೂಡಿ ಹಾಕಿದ್ರು, ಸ್ತುತಿ ಬರೋ ತನಕ.”

ಇಡೀ ಮಂದಿರ ಓಬೆಡ್‌ನ ಕೈ ನೋಡಿತು. ಬಿಡುಗಡೆಯ ಕಾಗದ ಬರೆದ ಅದೇ ಕೈ. ಹೆಬ್ಬೆರಳ ಬುಡದಲ್ಲಿ ಅರ್ಧಚಂದ್ರದಂಥ ಗಾಯದ ಗುರುತು. ಕುಡುಗೋಲು ತಗುಲಿತೆಂದು ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಜನವರಿಯಲ್ಲಿ ಯಾವ ಹುಲ್ಲು ಕೊಯ್ದೆ ಎಂದು ಯಾರೂ ಕೇಳಿರಲಿಲ್ಲ. ಅವನು ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡ.

“ಇದು ನನ್ನ ಸಾಕ್ಷಿ,” ಎಂದಳು ಜಿಲ್ಪಾ. “ಸಭೆಗೆ ಸೇರಿಸ್ಕೋತೀರೋ ಬಿಡ್ತೀರೋ ನಿಮಗೆ ಬಿಟ್ಟದ್ದು. ನನಗೆ ಸೇರೋ ಮನಸ್ಸಿಲ್ಲ.”

ಕರಿಯರು ಪಕ್ಕದ ಕಿರುಬಾಗಿಲಿನಿಂದ ಹೋಗಬೇಕಿತ್ತು. ಅವಳು ನಡುವಿನ ಓಣಿಯಲ್ಲಿ ನಡೆದು ದೊಡ್ಡ ಬಾಗಿಲಿನಿಂದ ಹೊರಬಂದಳು. ಮೆಹಿಟಬೆಲ್ ಏದುಸಿರು ಬಿಡುತ್ತಾ ಹಿಂದೆಯೇ ಬಂದಳು. ಅವಳಿಗೆ ಅವಮಾನಕ್ಕಿಂತ ದೊಡ್ಡ ಚಿಂತೆ ಹತ್ತಿತ್ತು.

“ಸೋಮವಾರ ಬಟ್ಟೆ ಯಾರು ಒಗೀಬೇಕು?”

“ಪುಸ್ತಕದ ಜಿಲ್ಪಾನ ಕರೀರಿ, ಅಮ್ನೋರೆ. ಅವಳು ಎಲ್ಲೂ ಹೋಗಿಲ್ಲ. ಬೇಡ ಅಂದುಕೊಂಡು ನಿಮ್ಮ ಮನೆಯಲ್ಲೇ ಇದ್ದಾಳೆ.”

ಅಟ್ಟದ ಮೆಟ್ಟಿಲಿನಿಂದ ಎಲ್ಲರೂ ಇಳಿದರು. ಕೆಲವರು ಅವಳ ಕೈ ಮುಟ್ಟಿ ಹೋದರು. ಕ್ವಾಕೊ ಕೊನೆಗೆ ಬಂದ. ಪುಸ್ತಕಗಳನ್ನೆಲ್ಲ ವಾಪಸು ತೆಗೆದುಕೊಂಡು ಹೋಗಿ ಹರಿದು ಹಾಕಬೇಕೆಂದು ಅವನಿಗೆ ಆಗಲೇ ಅಪ್ಪಣೆಯಾಗಿತ್ತು. ಪಕ್ಕದ ಬಂದರಿನಲ್ಲಿ ಸ್ವತಂತ್ರ ಕರಿಯರ ಐದಾರು ಮನೆಗಳಿವೆ, ಅಲ್ಲಿ ಹೀಗೆ ಹೋಗಿ ಹೀಗೆ ಕೇಳು ಎಂದು ದಾರಿ ಹೇಳಿದ.

“ನೀನು?” ಎಂದಳು ಜಿಲ್ಪಾ.

“ನನ್ನ ಮೇಲೆ ಯಾರೂ ಪುಸ್ತಕ ಬರೆದಿಲ್ಲವಲ್ಲಕ್ಕ” ಎಂದ. ನಗಲು ನೋಡಿದ. ಒಂದು ಕಡೆಗೆ ವಾಲಿಕೊಂಡು ಅಚ್ಚುಕೂಟದ ದಾರಿ ಹಿಡಿದ. ಜಿಲ್ಪಾ ಅವನು ತಿರುವು ದಾಟುವ ತನಕ ನಿಂತಳು. ಅವಳ ಕೈಯಿಂದ ಅವನಿಗಾಗಿ ಏನೂ ಆಗುವಂತಿರಲಿಲ್ಲ. ಅದು ಅವಳಿಗೆ ಬಹಳ ದಿನ ಚುಚ್ಚಿತು.

ತಿರ್ಜಾ ಬಂದಳು. ತಾಯಿ ನಡೆದಳು, ಮಗಳು ಹತ್ತು ಹೆಜ್ಜೆ ಹಿಂದೆ ನಡೆದಳು. ಊರು ಮುಗಿಯಿತು. ಉಪ್ಪುಹುಲ್ಲಿನ ಬಯಲು ಶುರುವಾಯಿತು. ಜಿಲ್ಪಾ ತಿರುಗಿ ನೋಡಲಿಲ್ಲ. ನೋಡಿದರೆ ಹುಡುಗಿ ನಿಂತುಬಿಡುತ್ತಾಳೆ ಎಂದು ಹೆದರಿದ್ದಳು. ಹೆಜ್ಜೆಯ ಸದ್ದನ್ನೇ ಕೇಳುತ್ತಾ ಒಂದು ಮೈಲಿ ನಡೆದಳು.

ಆಮೇಲೆ ಹತ್ತು ಹೆಜ್ಜೆ ಆರಾಯಿತು. ಆರು ಮೂರಾಯಿತು.

“ಅಮ್ಮಾ.”

“ಹ್ಞೂಂ.”

“ಕಚ್ಚಿದ್ದು ನಿಜವಾ?”

“ನಿಜ.”

“ಜೋರಾಗಿ ಕಚ್ಚಿದ್ಯಾ?”

“ಬಾಯಿ ತುಂಬಾ ರಕ್ತ.”

“ನಿಂದಾ, ಅವನದ್ದಾ?”

“ಅವನದ್ದು. ಉಪ್ಪುಮೀನಿಗಿಂತ ಕೆಟ್ಟದಾಗಿತ್ತು.”

ತಿರ್ಜಾ ಮೂಗಿನಿಂದ ಒಂದು ಸದ್ದು ಮಾಡಿದಳು. ಅದು ಅಳುವೋ ನಗುವೋ ಜಿಲ್ಪಾಳಿಗೆ ತಿಳಿಯಲಿಲ್ಲ. ತಿರುಗಿ ನೋಡಿದಳು. ಹುಡುಗಿ ಸೊಂಟದ ಮೇಲೆ ಕೈಯಿಟ್ಟುಕೊಂಡು, ದಾರಿಯ ನಡುವೆ ನಿಂತು, ಬಿದ್ದು ಬಿದ್ದು ನಗುತ್ತಿದ್ದಳು.